ಕೆಂಪಮ್ಮನ ಮೇಲಿನ ಹೊಟ್ಟೆಕಿಚ್ಚು

ಕೋವಿಡ್ ತಣ್ಣಗಾದ ಮರುವರ್ಷ ನಾನು ತಿಪಟೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡೇ ವರ್ಷವಿತ್ತು.

ಸವಿತಾ ಎಂಬ ಇಪ್ಪತ್ತಾರರ ಹೆಣ್ಣುಮಗಳು ವಾರಕ್ಕೆ ಎರಡು ಮೂರು ಸಲ ಕೈಕಾಲು ಅದುರಿ ಬೀಳುತ್ತಿದ್ದಳು. ಬಿದ್ದರೂ ನಾಲಿಗೆ ಕಚ್ಚಿಕೊಳ್ಳುತ್ತಿರಲಿಲ್ಲ, ಗಾಯವಾಗುತ್ತಿರಲಿಲ್ಲ. ತುಮಕೂರಿನಲ್ಲಿ ಮಾಡಿಸಿದ ಇಇಜಿ, ಅಂದರೆ ಮಿದುಳಿನ ಪರೀಕ್ಷೆ, ಸರಿಯಾಗಿತ್ತು. ಇದು ಮನಸ್ಸಿನ ಒತ್ತಡವೆಂದು ಹೇಳಿ ಮಾತ್ರೆ ಕೊಟ್ಟೆ. ಐದು ತಿಂಗಳಾದರೂ ನಿಲ್ಲಲಿಲ್ಲ.

ಅವಳನ್ನು ಕೆಂಪಮ್ಮನ ಹತ್ತಿರ ಕರೆದೊಯ್ಯುತ್ತಾರೆಂದು ತಿಳಿಯಿತು. ಕೊಬ್ಬರಿಯ ಚಿಪ್ಪು ಬಿಡಿಸುವ ಕೂಲಿಗೆ ಹೋಗುವ ಐವತ್ತರ ಹೆಂಗಸು ಈ ಕೆಂಪಮ್ಮ. ಮಂಗಳವಾರ ಅವಳ ಮೈಮೇಲೆ ಅಮ್ಮ ಬರುತ್ತಿದ್ದಳು. ಅವತ್ತು ನನ್ನ ಹೊರರೋಗಿಗಳು ಅರ್ಧಕ್ಕೆ ಇಳಿಯುತ್ತಿದ್ದರು. ತಪ್ಪು ಹಿಡಿಯಲೆಂದೇ ನಾನೂ ಹೋದೆ.

ಬೇವಿನಸೊಪ್ಪು ಹಿಡಿದು ತೂಗುತ್ತಿದ್ದ ಕೆಂಪಮ್ಮ ಸವಿತಾಳನ್ನು ಅವಳ ಗಂಡ ಮತ್ತು ಅತ್ತೆಯ ಎದುರೇ ಕೇಳಿದಳು: "ಮಗಾ, ಯಾರ್ ಮ್ಯಾಲೆ ಸಿಟ್ಟು ನಿಂಗೆ?"

ಸವಿತಾ ಬಾಯಿ ಬಿಟ್ಟಳು. ಹುಟ್ಟಿದ ಹನ್ನೊಂದನೇ ದಿನ ತೀರಿಕೊಂಡ ಮಗುವಿನ ಮಾತೆತ್ತಲು ಮನೆಯಲ್ಲಿ ಯಾರೂ ಬಿಡುತ್ತಿರಲಿಲ್ಲವಂತೆ. ಇನ್ನು ಅವಳು ಅತ್ತರೆ ತಡೆಯಬಾರದೆಂದು ಅಮ್ಮನ ಅಪ್ಪಣೆಯಾಯಿತು. ಅತ್ತೆ ಕೈ ಮುಗಿದರು. ಐದು ತಿಂಗಳಲ್ಲಿ ನಾನು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಬೀಳುವುದು ನಿಂತಿತು. ನನ್ನ ಹೊಟ್ಟೆ ಉರಿಯಿತು. ಮುಂದೆ ಜ್ವರಕ್ಕೆಂದು ಬಂದ ಸವಿತಾಳಿಗೆ, "ಅಲ್ಲಿಗೆ ಹೋಗೋದಾದ್ರೆ ಇಲ್ಲಿಗೆ ಬರಬೇಡ" ಎಂದೆ.

ಅವಳು ಬರಲಿಲ್ಲ, ಬಸುರಿಯಾದಾಗಲೂ. ಆಶಾ ಕಾರ್ಯಕರ್ತೆ ಕರೆದರೆ, "ಡಾಕ್ಟ್ರಮ್ಮ ಬೈತಾರೆ" ಅಂದಳಂತೆ. ಕೆಂಪಮ್ಮನೇ ನೋಡಿಕೊಳ್ಳಲಿ ಎಂದುಕೊಂಡು ಸುಮ್ಮನಾದೆ.

ಏಳನೇ ತಿಂಗಳಲ್ಲಿ, ಒಂದು ಮಂಗಳವಾರ ಮಧ್ಯಾಹ್ನ, ಕೆಂಪಮ್ಮ ಸವಿತಾಳನ್ನು ಆಟೋದಲ್ಲಿ ಒರಗಿಸಿಕೊಂಡು ಬಂದಳು. ಹಳೆಯ ಕಾಯಿಲೆ ಮರುಕಳಿಸಿತೆಂದು ಮನೆಯವರು ಅಮ್ಮನ ಮುಂದೆ ಮಲಗಿಸಿದ್ದರು.

"ಇದು ಹಿಂದಿನಂಗಲ್ಲ ಡಾಕ್ಟ್ರಮ್ಮ. ಮೊಕ ಊದ್ಕಂಡೈತೆ, ನಾಲಿಗೆ ಕಚ್ಕಂಡವಳೆ. ನಂಗೆ ತಿಳಿಯಲ್ಲ, ನೀವೇ ನೋಡಿ."

ರಕ್ತದೊತ್ತಡ 180/120 ಇತ್ತು. ಎಕ್ಲಾಂಪ್ಸಿಯಾ: ಬಸುರಿಯರಿಗೆ ರಕ್ತದೊತ್ತಡ ಏರಿ ಬರುವ ಫಿಟ್ಸ್, ತಾಯಿ, ಮಗು ಇಬ್ಬರನ್ನೂ ಕೊಲ್ಲಬಲ್ಲದು. ಮ್ಯಾಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ಮೂವರೂ ತಿಪಟೂರಿಗೆ ಹೊರಟೆವು. ದಾರಿಯಲ್ಲಿ ಎಚ್ಚರಾದ ಸವಿತಾ ತಡಕಿದ್ದು ಕೆಂಪಮ್ಮನ ಕೈಯನ್ನು. ಡ್ರಿಪ್ ಹಿಡಿದು ಕೂತ ನನಗೆ ಆಗಲೂ ಚುರುಕ್ಕೆಂದಿತು.

ತಾಯಿ ಉಳಿದಳು. ಅವಧಿಗೆ ಮೊದಲೇ ಹುಟ್ಟಿದ ಒಂದೂಕಾಲು ಕೆಜಿಯ ಹೆಣ್ಣುಮಗು ಆರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಹೋಯಿತು. ಸವಿತಾಳಲ್ಲಿ ಕ್ಷಮೆ ಕೇಳಿದೆ. "ಬುಡಿ ಡಾಕ್ಟ್ರಮ್ಮ" ಎಂದಳು, ಅಷ್ಟೇ.

ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ, ಕಾರಣ ಮಾತ್ರ ಬದಲಾಗಿದೆ. ಭಕ್ತರು ತುಂಬಿದ ಅಂಗಳದಿಂದ, ತನಗೆ ತಿಳಿಯದೆಂದು ಹೇಳಿ ಕೆಂಪಮ್ಮ ಎದ್ದು ಬಂದಿದ್ದಳು. ಮೂವತ್ತು ವರ್ಷದ ವೃತ್ತಿಯಲ್ಲಿ ನಾನು ಆ ಮಾತನ್ನು ಒಬ್ಬ ರೋಗಿಗೂ ಹೇಳಿರಲಿಲ್ಲ. ಉಳಿದ ದಿನಗಳಲ್ಲಿ ಕಲಿತೆ. ಮೊದಲ ಸಲ ಹೇಳುವಾಗ ನಾಲಿಗೆ ತಡವರಿಸಿತು. ರೋಗಿ ಎದ್ದು ಹೋಗಲಿಲ್ಲ; ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.