ಜಗಲಿಯ ಬಿರುಕನ್ನು ನಾನು ಬಚ್ಚಿಟ್ಟದ್ದು

ಯಾವುದೇ ವಸ್ತು ನನ್ನ ಕೈಗೆ ಸಿಕ್ಕಿದರೆ ಅದರ ಆಯುಸ್ಸು ಮುಗಿಯಿತು ಎಂಬ ಮಾತು, ನಾನು ಪಂಜದಿಂದ ಮದುವೆಯಾಗಿ ಪುತ್ತೂರಿಗೆ ಬಂದ ಮೊದಲ ವರ್ಷವೇ ಗಂಡನ ಕಡೆಯ ನೆಂಟರಲ್ಲೆಲ್ಲ ಹಬ್ಬಿತ್ತು. ಹಬ್ಬಿಸಿದವರು ಅತ್ತೆಯ ತಮ್ಮನ ಹೆಂಡತಿ, ಇಚಿಲಂಪಾಡಿಯವರು. ಅವರ ಕಣ್ಣೆದುರೇ ಎರಡು ಲಾಟೀನಿನ ಗಾಜು ಮತ್ತು ಒಂದು ಉಪ್ಪಿನಕಾಯಿ ಭರಣಿ ಒಡೆದಿದ್ದೆನಾದ್ದರಿಂದ ಅದನ್ನು ಸುಳ್ಳು ಎನ್ನುವ ಹಾಗೂ ಇರಲಿಲ್ಲ. ಅತ್ತೆ ಮಾತ್ರ ಒಂದು ದಿನವೂ ಬೈದವರಲ್ಲ. ಭರಣಿ ಒಡೆದಾಗ ತಾವೇ ಚೂರು ಹೆಕ್ಕುತ್ತಾ, "ಕಾಲಿಗೆ ತಾಗ್ತದೆ, ನೀನು ಆಚೆ ಹೋಗು" ಎಂದಿದ್ದರು, ಅಷ್ಟೆ. ಬೈದಿದ್ದರೆ ನಾನೂ ಎರಡು ಮಾತು ತಿರುಗಿ ಹೇಳಿ ಹಗುರಾಗುತ್ತಿದ್ದೆ. ಬಾಯಿ ಮುಚ್ಚಿಕೊಂಡು ಇರುವವರ ಜೊತೆ ಜಗಳವಾಡುವುದು ಹೇಗೆ ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಅಂಥ ಅತ್ತೆಗೆ ಇದ್ದದ್ದು ಒಂದೇ ಆಸೆ, ಕೆಂಪು ಸಿಮೆಂಟಿನ ಜಗಲಿ. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಸೆಗಣಿ ಸಾರಿಸಿ ಸಾರಿಸಿ ಅವರಿಗೆ ಸಾಕುಸಾಕಾಗಿ ಹೋಗಿತ್ತು. ಎಪ್ಪತ್ತರ ದಶಕದ ಕೊನೆ ಅದು, ಸಿಮೆಂಟಿಗೆ ಪರ್ಮಿಟ್ಟು ಬೇಕಾಗಿದ್ದ ಕಾಲ. ನನ್ನ ಗಂಡ ಕಚೇರಿಗೆ ಅಲೆದು ಅಲೆದು ಒಂದು ಜೊತೆ ಚಪ್ಪಲಿ ಸವೆಸಿದ ಮೇಲೆ ಅಂತೂ ಮೂಟೆಗಳು ಬಂದವು. ಕಡಬದ ಕಡೆಯ ಮೇಸ್ತ್ರಿಯೊಬ್ಬರು ಬಂದು ಕಾವಿ ಬೆರೆಸಿದ ಕೆಂಪು ನೆಲ, ಸುತ್ತ ಕಪ್ಪು ಅಂಚು, ನಟ್ಟನಡುವೆ ಹಳದಿ ಸಿಮೆಂಟಿನಲ್ಲಿ ಎಂಟೆಸಳಿನ ಹೂ ಮಾಡಿಕೊಟ್ಟರು. ಕೆಲಸ ನಡೆದದ್ದು ಸುಡುವ ಬೇಸಗೆಯಲ್ಲಿ. ಆಗ ನಾನು ತಂಗಿಯ ಮದುವೆಗೆಂದು ತವರಿಗೆ ಹೋಗಿದ್ದೆ. ಮೂರು ವಾರದ ಮೇಲೆ ಬಂದು ನೋಡಿದರೆ ಜಗಲಿ ತೆಂಗಿನೆಣ್ಣೆ ಕುಡಿದು ಹೊಳೆಯುತ್ತಿತ್ತು. ಅತ್ತೆ ನನ್ನ ಕೈ ಹಿಡಿದುಕೊಂಡು ಹೋಗಿ ಹೂವಿನ ಹತ್ತಿರ ನಿಲ್ಲಿಸಿ, "ಹೇಗುಂಟು?" ಎಂದು ಕೇಳಿದರು. ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. 

ಅದಾಗಿ ಎರಡು ವಾರಕ್ಕೆ ನಾನು ಆ ನೆಲದ ಮೇಲೆ ಹಲಸಿನ ಹಣ್ಣು ಬೀಳಿಸಿದೆ.

ಸಣ್ಣದಲ್ಲ, ಒಂದು ಹಸುಗೂಸಿಗಿಂತ ಭಾರ ಇತ್ತು. ಸೊಂಟದ ಮೇಲೆ ಇಟ್ಟುಕೊಂಡು ಜಗಲಿ ಹತ್ತಿ ಒಳಗೆ ಹೋಗುವಾಗ ಜಾರಿತು. ದೊಪ್ಪೆಂದು ಬಿದ್ದದ್ದು ಸರಿಯಾಗಿ ಹೂವಿನ ಪಕ್ಕ. ಬಗ್ಗಿ ನೋಡಿದೆ, ನೆಲಕ್ಕೆ ಏನೂ ಆಗಿರಲಿಲ್ಲ. ಅತ್ತೆ ಬಾವಿಯ ಹತ್ತಿರ ಇದ್ದರು. ಬದುಕಿದೆ ಎಂದುಕೊಂಡೆ. ಮಾರನೇ ದಿನ ಬೆಳಿಗ್ಗೆ ಓರೆ ಬಿಸಿಲು ಬಿದ್ದಾಗ ಕಂಡಿತು ನೋಡಿ, ಹೂವಿನ ಒಂದು ಎಸಳಿನಿಂದ ಹೊರಟು ಕಪ್ಪು ಅಂಚಿನವರೆಗೆ ಕೂದಲಿನಷ್ಟು ತೆಳ್ಳಗಿನ ಬಿರುಕು.  ಭರಣಿ ಒಡೆದದ್ದನ್ನು ಅತ್ತೆ ನುಂಗಿಕೊಂಡಾರು, ಇದನ್ನು ನುಂಗಿಕೊಳ್ಳುವುದು ಸಾಧ್ಯವೇ ಇರಲಿಲ್ಲ. ಹಿಡಿದ ಆ ಕೈಯನ್ನು ಅವರು ಇನ್ನೊಮ್ಮೆ ಹಿಡಿಯಲಾರರು ಎಂದು ನನಗೆ ಖಾತ್ರಿಯಾಯಿತು.

ಸರಿ, ರಿಪೇರಿಗೆ ಇಳಿದೆ. ಮೊದಲು ಮೇಣದ ಬತ್ತಿ ಕರಗಿಸಿ ಕುಂಕುಮ ಬೆರೆಸಿ ತುಂಬಿದೆ. ಅಲ್ಲಿಯವರೆಗೆ ಹುಡುಕಿದರೆ ಮಾತ್ರ ಕಾಣುತ್ತಿದ್ದ ಗೆರೆ ಆಮೇಲೆ ಬಾಗಿಲಲ್ಲಿ ನಿಂತರೂ ಕಾಣತೊಡಗಿತು. ಅದನ್ನು ಪಿನ್ನಿನಿಂದ ಕೆದಕಿ ತೆಗೆದು ಮೈದಾದ ಅಂಟಿಗೆ ಕಾವಿ ಪುಡಿ ಕಲಸಿ ತುಂಬಿದೆ. ಬಣ್ಣವೇನೋ ಸರಿಹೊಂದಿತು, ಆದರೆ ಮಧ್ಯಾಹ್ನದ ಹೊತ್ತಿಗೆ ಊರಿನ ಇರುವೆಗಳೆಲ್ಲ ಹೂವಿನಿಂದ ಅಂಚಿನವರೆಗೆ ಸಾಲುಗಟ್ಟಿದ್ದವು. ನನ್ನ ಬುದ್ಧಿಗೆ ನಾನೇ ಬೈದುಕೊಂಡೆ.

ಕೊನೆಗೆ ಅದರ ಮೇಲೆ ಒಂದು ಚಾಪೆ ಹಾಸಿ ಕೂತುಬಿಟ್ಟೆ. ಅಕ್ಕಿ ಆರಿಸುವುದು, ಬತ್ತಿ ಹೊಸೆಯುವುದು, ಹೂ ಕಟ್ಟುವುದು ಎಲ್ಲ ಅಲ್ಲೇ. ನೆಲಕ್ಕೆ ದಿನಾ ಎಣ್ಣೆ ಒರೆಸುತ್ತಿದ್ದವರು ಅತ್ತೆ. "ಇನ್ನು ಆ ಕೆಲಸ ನನಗೆ ಬಿಡಿ ಅತ್ತೆ, ನಿಮಗೆ ಮೊಣಕಾಲು ನೋವು" ಎಂದೆ. ಅವರು ತಕರಾರಿಲ್ಲದೆ ಎಣ್ಣೆಯ ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಹೀಗೆ ಇಡೀ ಮಳೆಗಾಲ ಕಳೆಯಿತು. "ಜಗಲಿ ಮಾಡಿಸಿದ್ದು ನೋಡ್ಲಿಕ್ಕಾ, ಚಾಪೆ ಹಾಸ್ಲಿಕ್ಕಾ ಮಾರಾಯ್ತಿ?" ಎಂದು ಗಂಡ ಒಮ್ಮೆ ಕೇಳಿದರು. ಬಸುರಿಯಾಗಿರುವ ನನಗೆ ನೆಲ ತಣ್ಣಗಾಗುತ್ತದೆ ಎಂದು ಅವರ ಬಾಯಿ ಮುಚ್ಚಿಸಿದೆ.

ಮಳೆ ನಿಂತ ಮೇಲೆ ಬಾವಿಕಟ್ಟೆ ಸರಿಮಾಡಲು ಅದೇ ಮೇಸ್ತ್ರಿ ಬಂದರು. ಕಾಫಿ ಕುಡಿಯಲು ಜಗಲಿಗೆ ಹತ್ತಿದವರೇ, "ನನ್ನ ಹೂ ಎಲ್ಲಿ ಹೋಯ್ತು ಅಕ್ಕ?" ಎನ್ನುತ್ತಾ, ನಾನು ಬೇಡ ಬೇಡ ಎನ್ನುವುದರೊಳಗೆ ಚಾಪೆ ಎಳೆದುಬಿಟ್ಟರು. ಕಾಫಿ ಹಿಡಿದುಕೊಂಡು ಅತ್ತೆಯೂ ಅಷ್ಟರಲ್ಲೇ ಹೊರಗೆ ಬಂದರು. 

ಮೇಸ್ತ್ರಿ ಕುಕ್ಕರಗಾಲಿನಲ್ಲಿ ಕೂತು ಬಿರುಕಿನ ಉದ್ದಕ್ಕೂ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟರು. "ಅಡಿ ಗಟ್ಟಿ ಉಂಟು, ಎಲ್ಲೂ ಟೊಳ್ಳು ಶಬ್ದ ಇಲ್ಲ" ಎಂದರು.

"ಏನಾದ್ರೂ ಭಾರದ್ದು ಬಿದ್ದು ಆದದ್ದಾ?" ನನ್ನ ಬಾಯಿಂದ ತಾನಾಗಿ ಹೊರಟಿತು.

"ಬಿದ್ದು ಒಡೆದ್ರೆ ನಕ್ಷತ್ರದ ಹಾಗೆ ನಾಲ್ಕು ದಿಕ್ಕಿಗೆ ಸೀಳುದು ಅಕ್ಕ, ಅಲ್ಲೇ ಒಂದು ಗುಳಿಯೂ ಇರ್ತದೆ. ಇದು ಹಾಗಲ್ಲ. ಹಸಿ ಸಿಮೆಂಟು ಬೇಗ ಒಣಗಿದ್ರೆ ಮೈ ಎಳೆದುಕೊಳ್ತದೆ, ಆಗ ಹೀಗೆ ಬಿಡುದು. ನಡುವೆ ಗೀಟಿನ ಹಾಗೆ ಒಂದು ಸಂದು ಬಿಡುವ ಅಂತ ನಾನು ಆಗಲೇ ಹೇಳಿದ್ದೆ. ಬಿಟ್ಟಿದ್ರೆ ಬಿರುಕು ಅದರೊಳಗೇ ಹೋಗ್ತಿತ್ತು, ಯಾರಿಗೂ ಕಾಣ್ತಿರಲಿಲ್ಲ. ಅಮ್ಮನಿಗೆ ಅದು ಬೇಡ ಆಯ್ತು." ಆಮೇಲೆ ತಲೆಯೆತ್ತಿ ಅತ್ತೆಯನ್ನು ಕೇಳಿದರು, "ನೆಲ ಒಣಗದ ಹಾಗೆ ಸುತ್ತ ಮಣ್ಣಿನ ಕಟ್ಟ ಹಾಕಿ ನೀರು ನಿಲ್ಲಿಸಿ ಹೋಗಿದ್ದೆನಲ್ಲ ಅಮ್ಮ. ಹತ್ತು ದಿನ ಇತ್ತಲ್ವಾ?"

ಅತ್ತೆ ಲೋಟ ಕೆಳಗಿಟ್ಟು ಒಳಗೆ ಹೋದರು.

ಮೇಸ್ತ್ರಿ ಪೆನ್ಸಿಲಿನಿಂದ ಬಿರುಕಿನ ತುದಿಗೊಂದು ಗುರುತು ಹಾಕಿ, "ಇದು ದಾಟಿ ಮುಂದೆ ಹೋದ್ರೆ ಹೇಳಿ ಕಳಿಸಿ. ಹೋಗದಿದ್ರೆ ಮುಟ್ಟುದೇ ಬೇಡ, ತೇಪೆ ಹಾಕಿದ್ರೆ ಇದಕ್ಕಿಂತ ಹೆಚ್ಚು ಕಾಣುದು" ಎಂದು ಕಾಫಿ ಮುಗಿಸಿ ಬಾವಿಯ ಕಡೆ ಹೋದರು. ನಾನು ಅಡುಗೆಮನೆಗೆ ಹೋದೆ. ಅತ್ತೆ ಒಲೆಯ ಮುಂದೆ ಕೂತಿದ್ದರು.

"ನಾಲ್ಕನೇ ದಿನ ನಾನೇ ಕಟ್ಟ ಒಡೆದು ನೀರು ಬಿಟ್ಟದ್ದು" ಎಂದರು ನನ್ನ ಮುಖ ನೋಡದೆ. "ಇಚಿಲಂಪಾಡಿಯವರು ಬರ್ತಾರೆ ಅಂತ ಆಯ್ತು. ತಮ್ಮನ ಹೆಂಡತಿಗೆ ಹೂ ತೋರಿಸ್ಬೇಕು ಅಂತ ಆಸೆ ನನಗೆ. ನೀನು ತವರಿಂದ ಬರುವ ಮೊದಲೇ ಬಿರುಕು ಬಂದಿತ್ತು."

"ಮತ್ತೆ ನಾನು ಹಲಸಿನ ಹಣ್ಣು ಬೀಳಿಸಿದ್ದು?"

"ಆ ಶಬ್ದ ಬಾವಿಯ ಹತ್ತಿರಕ್ಕೂ ಕೇಳಿತ್ತು. ನೀನು ಮೇಣ ತುಂಬಿದ್ದೂ ನೋಡಿದ್ದೇನೆ."

ನನಗೆ ಸಿಟ್ಟು ನೆತ್ತಿಗೇರಿತು. ಐದು ತಿಂಗಳು ಹೊಟ್ಟೆಯಲ್ಲಿ ಮಗುವಿನ ಜೊತೆ ಆ ಹೆದರಿಕೆಯನ್ನೂ ಹೊತ್ತುಕೊಂಡು ತಿರುಗಿದ್ದೆ. "ನೋಡಿಯೂ ಒಂದು ಮಾತು ಹೇಳಲಿಕ್ಕೆ ಆಗ್ಲಿಲ್ವಾ ನಿಮಗೆ? ನಾನೇ ಒಡೆದದ್ದು ಅಂತ ದಿನಾ ಸಾಯ್ತಾ ಇದ್ದೆ" ಎಂದು ಸ್ವರ ಎತ್ತಿಯೇ ಕೇಳಿದೆ. ಅತ್ತೆಯ ಎದುರು ನನ್ನ ಸ್ವರ ಏರಿದ್ದು ಅದೇ ಮೊದಲು.

ಅವರು ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡರು. "ಹೇಳ್ಬೇಕು ಅಂತ ಎಷ್ಟು ಸಲ ಬಾಯಿ ತೆಗೆದೆ. ನೀನು ನಗ್ತಿ ಅಂತ ಹೆದರಿಕೆ ಆಯ್ತು. ಇಷ್ಟು ಆಸೆಪಟ್ಟು ಮಾಡಿಸಿ ತಾನೇ ಹಾಳು ಮಾಡಿಕೊಂಡ್ಳು, ಗಡಿಬಿಡಿಯ ಮುದುಕಿ ಅಂತ ನಿನಗೆ ಕಂಡ್ರೆ ಮತ್ತೆ ನನಗೆಂತ ಬೆಲೆ?"

ನನಗೆ ಬೈಯಲು ಇನ್ನೂ ಬೇಕಾದಷ್ಟು ಮಾತುಗಳಿದ್ದವು, ಅದನ್ನು ಬಿಟ್ಟು ಅವರ ಪಕ್ಕದಲ್ಲೇ ಕೂತೆ. ಆ ಮನೆಗೆ ಕಾಲಿಟ್ಟು ಒಂದೂವರೆ ವರ್ಷವಾಗಿತ್ತು. ಅಲ್ಲಿ ಹೆದರಿಕೊಂಡು ಬದುಕುತ್ತಿರುವವಳು ನಾನೊಬ್ಬಳೇ ಎಂದು ಆ ಬೆಳಗಿನವರೆಗೂ ನಂಬಿಕೊಂಡಿದ್ದೆ.