ಗೋರಿ ಮೇಲಿನ ತಂಗಡಿ

ನನ್ನ ಪಂಕ್ಚರ್ ಅಂಗಡಿಯ ಪಕ್ಕದಲ್ಲಿ ಗಾದಿ ಹೊಲಿಯುವ ಅಬ್ದುಲ ವಾಹೀದ ಬೀದರ ಬಿಟ್ಟು ಹೊರಗೆ ಒಂದು ರಾತ್ರಿಯೂ ಮಲಗುವುದಿಲ್ಲ. ಹೆಂಡತಿ ಮರಿಯಮಬೀ ತೀರಿಕೊಂಡ ಮೇಲೆ ಹೀಗಾದ. ಗೋರಿಯ ಮೇಲೆ ಹಸಿರು ಇರುವತನಕ ಒಳಗೆ ಮಲಗಿದವರ ಭಾರ ಹಗುರಾಗುತ್ತದೆ ಎಂದು ಅವರಲ್ಲಿ ನಂಬುತ್ತಾರೆ. ವಾಹೀದ ಅವಳ ಗೋರಿಯ ಮೇಲೆ ಸಬ್ಜಾ, ಅಂದರೆ ಕಾಮಕಸ್ತೂರಿ ಗಿಡ, ಹಚ್ಚಿದ. ಖಬರಸ್ತಾನದ ಕೆಂಪು ಮೊರಮು ಮಣ್ಣಿನಲ್ಲಿ ಒಂದು ದಿನ ನೀರು ತಪ್ಪಿದರೆ ಅದು ಬಾಡುತ್ತಿತ್ತು, ಬಾಡದೆ ಉಳಿದದ್ದನ್ನು ಆಡುಗಳು ತಿನ್ನುತ್ತಿದ್ದವು. ದಿನಾ ಸಂಜೆ ಕೊಡ ಹೊರುವುದೇ ಅವನ ಬಾಳಾಯಿತು. ಮಗಳು ತಹಮೀನಾಳನ್ನು ಭಾಲ್ಕಿಗೆ ಕೊಟ್ಟ. ಮದುವೆಯ ವಲೀಮಾ ಊಟಕ್ಕೆ ಹೋದವನು ಕೈ ತೊಳೆದವನೇ ಬಸ್ಸು ಹತ್ತಿ ಬಂದ.

ನನ್ನ ತಲೆ ಕೆಟ್ಟಿತು. “ಮನ್ನಳ್ಳಿ ರಸ್ತಾದಾಗ ತಂಗಡಿ ಗಿಡ ನೋಡಿಲ್ಲೇನೋ ವಾಹೀದಭಾಯ್? ಯಾವನು ನೀರ ಹಾಕ್ಯಾನ ಅದಕ್ಕ? ಆಡು ಸುದ್ದಾ ಮೂಸಂಗಿಲ್ಲ. ಅದನ್ನ ಹಚ್ಚು!”

ಅವನು ರಸ್ತೆಬದಿಯ ಬಲಿತ ಗಿಡವನ್ನೇ ಕಿತ್ತು ತಂದ. ತಾಯಿಬೇರು ಹರಿದಿತ್ತು, ಒಣಗಿತು. ಜೂನಿನ ಮಿರಗದ ಮಳೆಗೆ ಬೀಜ ಊರಿದೆವು. ಮೊಳೆತ ಸಸಿಗೆ ದಿನಾ ಕೊಡ ಸುರಿದು ಬೇರು ಕೊಳೆಸಿದ.

“ನೀರ ಹಾಕಿ ಕೊಲ್ಲಾಕತ್ತಿಯಲ್ಲೋ!” ಎಂದು ಕೊಡ ಕಸಿದುಕೊಂಡು ಮತ್ತೆ ಬೀಜ ಹಾಕಿದೆ. ಈ ಸಲ ಗಿಡ ನಿಂತಿತು. ಒಂದು ಬೇಸಿಗೆಯನ್ನು ತಾನೇ ದಾಟಿತು. ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗೋರಿ ತುಂಬ ಹಳದಿ ಹೂವು.

ಆಗಲೇ ತಹಮೀನಾಳ ಫೋನು ಬಂತು, ಚೊಚ್ಚಲ ಹೆರಿಗೆ. “ಅಮ್ಮೀ ಅಂತೂ ಇಲ್ಲ. ನೀವಾದ್ರೂ ಬಂದು ನನ್ನ ಕಡಿ ಇರ್ರಿ, ಅಬ್ಬಾ.”

ವಾಹೀದ ಏಳಲಿಲ್ಲ.

“ಈಗೇನು ಧಾಡಿ ನಿನಗ? ಗಿಡಕ್ಕ ನೀ ಬೇಕಾಗೇ ಇಲ್ಲ!”

“ಅದೇ ಅಲ್ಲೇನು ಪಂಢರಿ? ನೀರ ಹೊರುವಾಗ ಮರಿಯಮಗ ನಾ ಬೇಕಾಗಿದ್ದೆ. ಈಗ ದಿನಾ ಗೋರಿ ಕಡಿ ಹೋಗಿ ಸುಮ್ನ ಕೂಡ್ತೇನಿ. ಅದೂ ಬಿಟ್ರ ಆಕಿನ್ನೇ ಬಿಟ್ಟಂಗ.”

ನಾನೇ ಅವನನ್ನು ಎಳೆದೊಯ್ದು ಭಾಲ್ಕಿ ಬಸ್ಸಿನಲ್ಲಿ ಕೂಡಿಸಿದೆ. ಬಸ್ಸು ಊರು ದಾಟುವ ಮೊದಲೇ ಇಳಿದು ನಡೆದುಕೊಂಡು ಬಂದ. ಅವತ್ತು ನಾನು ಆಡಿದ ಮಾತು ಬರೆಯುವಂಥದ್ದಲ್ಲ.

ತಹಮೀನಾ ಅಪ್ಪನಿಲ್ಲದೆ ಹಡೆದಳು. ನಲವತ್ತು ದಿನ ಮುಗಿಯುತ್ತಲೇ ಕೂಸನ್ನು ಎತ್ತಿಕೊಂಡು ತಾನೇ ಬಂದಳು. ಅವರಲ್ಲಿ ಹೆಂಗಸರು ಖಬರಸ್ತಾನದ ಒಳಗೆ ಹೋಗುವುದಿಲ್ಲ, ನನ್ನ ಜೊತೆ ಗೇಟಿನ ಹೊರಗೆ ನಿಂತಳು. ವಾಹೀದ ಒಳಗಿನಿಂದ ಬಂದು, ಕಂಬಿಗಳ ಸಂದಿಯಲ್ಲಿ ಕೈ ಹಾಕಿ ಮೊಮ್ಮಗನ ಪಾದ ಹಿಡಿದುಕೊಂಡ.

“ಹೊರಗ ಬರ್ರಿ ಅಬ್ಬಾ. ಬಸ್ಸು ಅದ. ನಾಕು ದಿನ ಇದ್ದು ಬರೀರಂತ.”

“ನಾಳಿ ಬರ್ತೇನಿ, ಬೇಟಾ.”

“ಇನ್ನೂ ಎಷ್ಟು ನಾಳಿ ಅವ ನಿಮ್ಮ ಹಂತ್ಯಾಕ?”

ಗೇಟಿಗೆ ಬೀಗವಿರಲಿಲ್ಲ, ತಂತಿ ಸುತ್ತಿದ್ದರು ಅಷ್ಟೇ. ನಾನು ತಂತಿ ಬಿಚ್ಚಿ ಗೇಟು ತೆರೆದು ಹಿಡಿದೆ. ವಾಹೀದ ಒಂದು ಹೆಜ್ಜೆ ಮುಂದಿಟ್ಟು, ತಿರುಗಿ ಗಿಡ ನೋಡಿ, ಅಲ್ಲೇ ನಿಂತ. ಕೂಸು ಅಳತೊಡಗಿತು. ತಹಮೀನಾ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕೂಸಿಗೆ ಸೆರಗು ಹೊದಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನಾನು ಇನ್ನೂ ಗೇಟು ಹಿಡಿದೇ ಇದ್ದೆ.