ಇನಾಮದಾರ ಅಂಕಲ್ಲರ ಕೇಂದ್ರ ಸರ್ಕಾರ

ಹೊಸದಾಗಿ ಪರಿಚಯವಾದ ಕನ್ನಡಿಗರನ್ನು ನಾವೆಲ್ಲ ಊರು ಯಾವುದು, ಕೆಲಸ ಎಲ್ಲಿ ಎಂದು ಕೇಳುತ್ತೇವೆ. ಇನಾಮದಾರ ಅಂಕಲ್ ಮಾತ್ರ ಕೈಕುಲುಕಿ, "ನಿಮ್ದು ಯಾವ ಪಾರ್ಟಿರಿ?" ಎನ್ನುತ್ತಿದ್ದರು. ಟೆಕ್ಸಸ್‌ನಲ್ಲಿ ಈ ಪ್ರಶ್ನೆಗೆ ಜನ ಬೆಚ್ಚಿಬೀಳುತ್ತಾರೆ. ನನಗಿನ್ನೂ ವೋಟೇ ಇಲ್ಲ ಎಂದು ಜಾರಿಕೊಂಡವರನ್ನು ನಾನೇ ನೋಡಿದ್ದೇನೆ. ಅಂಕಲ್ ಕೇಳುತ್ತಿದ್ದದ್ದು ಈಗಿನ ಪಾರ್ಟಿಗಳನ್ನಲ್ಲ. ಇನ್ನೂರು ವರ್ಷದ ಹಿಂದೆ, ಈ ದೇಶ ಇನ್ನೂ ಎಳೆಯದಾಗಿದ್ದಾಗ ಜಗಳವಾಡಿದ ಎರಡು ಪಾರ್ಟಿಗಳನ್ನು. ಕೇಂದ್ರ ಸರ್ಕಾರ ಗಟ್ಟಿಯಾಗಿರಬೇಕು ಎಂದ ಫೆಡರಲಿಸ್ಟರು ಒಂದು ಕಡೆ. ಅಧಿಕಾರ ಆಯಾ ರಾಜ್ಯದವರ ಕೈಯಲ್ಲೇ ಇರಲಿ ಎಂದ ಅವರ ವಿರೋಧಿಗಳು ಇನ್ನೊಂದು ಕಡೆ. ಅಂಕಲ್ ಅಪ್ಪಟ ಫೆಡರಲಿಸ್ಟ್.

ಹುಬ್ಬಳ್ಳಿಯವರು. ಮನೆ ಡಾಲಸ್‌ಗೆ ಅಂಟಿದ ಕ್ಯಾರಲ್ಟನ್‌ನಲ್ಲಿ, ಪ್ರಿಂಟಿಂಗ್ ಅಂಗಡಿ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ. ಸಿಟಿಜನ್‌ಶಿಪ್ ಪರೀಕ್ಷೆಗೆ ನಾವೆಲ್ಲ ಉತ್ತರ ಬಾಯಿಪಾಠ ಮಾಡಿ, ಪಾಸಾದ ಮರುದಿನ ಮರೆತವರು. ಅಂಕಲ್ ಆ ಪರೀಕ್ಷೆಗೆಂದು ಇತಿಹಾಸದೊಳಗೆ ಹೊಕ್ಕವರು ಹೊರಗೆ ಬರಲೇ ಇಲ್ಲ. ಆಮೇಲೆ ಪರೀಕ್ಷೆ ಬರೆಯುವವರಿಗೆಲ್ಲ ತಮ್ಮ ಊಟದ ಟೇಬಲ್ಲಿನಲ್ಲೇ ಪಾಠ. ನಾನು ಆಸ್ಟಿನ್‌ನವಳಾದರೂ ಆಫೀಸಿನ ಕೆಲಸಕ್ಕೆ ಡಾಲಸ್‌ಗೆ ಹೋದಾಗಲೆಲ್ಲ ಅಲ್ಲಿ ಹಾಜರಿ ಹಾಕುತ್ತಿದ್ದೆ. ಸುಧಾ ಆಂಟಿ ಬಿಸಿ ರೊಟ್ಟಿ ಬಡಿಸುತ್ತಿದ್ದರು. ಅಂಕಲ್ ಈ ದೇಶದ ಹಳೆಯ ಅಧ್ಯಕ್ಷರನ್ನು ತಮ್ಮ ಸೋದರಮಾವಂದಿರೋ ಎಂಬಂತೆ ಬೈಯುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಬೈಗುಳ ಎರಡನೆಯ ಅಧ್ಯಕ್ಷನಿಗೆ, ಅದೂ ಅವನು ತಮ್ಮದೇ ಪಾರ್ಟಿಯವನಾಗಿದ್ದಕ್ಕೆ. ಚುನಾವಣೆಯಲ್ಲಿ ಸೋತ ಆತ ಗೆದ್ದವನ ಪ್ರಮಾಣವಚನಕ್ಕೆ ನಿಲ್ಲದೆ, ಬೆಳಕು ಹರಿಯುವ ಮೊದಲೇ ಗಾಡಿ ಹತ್ತಿ ಊರಿಗೆ ಹೊರಟುಬಿಟ್ಟನಂತೆ. ಕುರ್ಚಿಯನ್ನೇನೋ ತಕರಾರಿಲ್ಲದೆ ಬಿಟ್ಟುಕೊಟ್ಟ, ಅದು ದೊಡ್ಡತನ. ನಿಂತು ಒಂದು ನಮಸ್ಕಾರ ಹೇಳಿ ಹೋಗಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಅಂಕಲ್ ಪ್ರತಿ ಸಲವೂ ಹೊಸದಾಗಿ ಸಿಟ್ಟಾಗುತ್ತಿದ್ದರು. ಈ ಕಥೆ ಕೇಳದ ಕನ್ನಡಿಗರು ನಮ್ಮ ಮೂರು ಊರುಗಳಲ್ಲಿ ಇರಲಿಲ್ಲ.

ಮೂರು ಊರೆಂದರೆ ಡಾಲಸ್, ಹ್ಯೂಸ್ಟನ್, ಆಸ್ಟಿನ್. ವರ್ಷಕ್ಕೊಮ್ಮೆ ಎಲ್ಲರೂ ಒಂದೆಡೆ ಸೇರಿ ಯುಗಾದಿ ಮಾಡುವ ಪದ್ಧತಿ ಶುರುಮಾಡಿದವರೇ ಅಂಕಲ್. ಅದಕ್ಕೆ ಅವರೇ ಅಧ್ಯಕ್ಷರು, ಅವರ ಅಡುಗೆಮನೆಯೇ ರಾಜಧಾನಿ. ಹಬ್ಬ ಯಾವ ಊರಲ್ಲೇ ಇರಲಿ, ಅಡುಗೆ ಕ್ಯಾರಲ್ಟನ್‌ನಲ್ಲೇ ಆಗಬೇಕು. ಸಾರು ಒಂದಾದರೆ ಜನ ಒಂದು ಎನ್ನುವುದು ಅವರ ಸಿದ್ಧಾಂತ. ಹಾಡು, ನಾಟಕಗಳಿಗೂ ಅಲ್ಲಿಂದಲೇ ಒಪ್ಪಿಗೆ. ನಾನು ಒಮ್ಮೆ ನಮ್ಮ ಮೈಸೂರು ಕಡೆಯ ಹುಳಿಯನ್ನು ಡಬ್ಬದಲ್ಲಿ ತಂದದ್ದಕ್ಕೆ, "ತಂಗಿ, ನೀ ಆ ಪಾರ್ಟಿ" ಎಂದು ಅಂದೇ ತೀರ್ಪು ಕೊಟ್ಟರು.

ಒಂದು ವರ್ಷ ಹಬ್ಬ ಹ್ಯೂಸ್ಟನ್‌ನಲ್ಲಿತ್ತು. ಡಾಲಸ್‌ನಿಂದ ಅಡುಗೆ ಹೊತ್ತ ವ್ಯಾನು ಹೈವೇಯಲ್ಲಿ ಅಪಘಾತವೊಂದರ ಹಿಂದೆ ಸಿಕ್ಕಿಕೊಂಡಿತು. ಬೇವುಬೆಲ್ಲ ತಿಂದು ಕುಳಿತ ಮಕ್ಕಳು ಮಧ್ಯಾಹ್ನ ಪಿಜ್ಜಾ ತಿಂದರು. ಹೋಳಿಗೆ ಬಂದಾಗ ಹಾಲ್ ಖಾಲಿ ಮಾಡುವ ಹೊತ್ತು. ಪಾತ್ರೆಗಳನ್ನು ಮುಚ್ಚಳ ತೆಗೆಯದೆ ವ್ಯಾನಿಗೆ ವಾಪಸ್ ಏರಿಸುವಾಗ ಅಂಕಲ್ಲರ ಮುಖ ನೋಡಲಾಗಲಿಲ್ಲ. ಹ್ಯೂಸ್ಟನ್‌ನವರು ಇನ್ನು ತಮ್ಮ ಹಬ್ಬ ತಮಗೆ ಎಂದರು. ನಮ್ಮ ಆಸ್ಟಿನ್‌ನವರೂ ಹೌದೆಂದರು. ಈ ಊರುಗಳಲ್ಲಿ ನನಗೆ ಬಂಧುಗಳೆಂದು ಇದ್ದವರು ಆ ಹಬ್ಬದಲ್ಲಿ ಸಿಗುವವರೇ.

ಅದಕ್ಕೇ ನಾನು ಅಂಕಲ್ಲರ ಎದುರು ಅಧ್ಯಕ್ಷ ಸ್ಥಾನಕ್ಕೆ ನಿಂತೆ. ಅಡುಗೆ, ನಾಟಕ ಆಯಾ ಊರಿನವರದು. ಕೂಡಿ ಉಣ್ಣುವುದು ಮಾತ್ರ ಎಲ್ಲರದು. ಇಷ್ಟೇ ನನ್ನ ಮಾತು. ಆಸ್ಟಿನ್‌ನ ಪಾರ್ಕೊಂದರಲ್ಲಿ ಮೂರೂ ಊರಿನವರು ಸೇರಿ ಕೈಯೆತ್ತಿ ಮತ ಹಾಕಿದರು. ನಾನು ಗೆದ್ದೆ. ಸುಧಾ ಆಂಟಿಯೂ ನನಗೇ ಕೈಯೆತ್ತಿದ್ದರು.

ಚಪ್ಪಾಳೆ ಮುಗಿದಾಗ ಅಂಕಲ್ ಇರಲಿಲ್ಲ. ಅವರ ಕಾರೂ ಇರಲಿಲ್ಲ. ಆಂಟಿಯನ್ನು ಬಿಟ್ಟು, ಊಟ ಬಿಟ್ಟು ಹೊರಟಿದ್ದರು. ಫೋನ್ ಮಾಡಿದರೆ ಅದು ಆಂಟಿಯ ಬ್ಯಾಗಿನೊಳಗೇ ರಿಂಗ್ ಆಯಿತು. ಯಾರಿಗೂ ನಗು ಬರಲಿಲ್ಲ. ಸೋತು ಗಾಡಿ ಹತ್ತಿದ ಆ ಅಧ್ಯಕ್ಷನ ಕಥೆ ಎಲ್ಲರಿಗೂ ನೆನಪಾಗಿರಬೇಕು. ಡಾಲಸ್‌ನವರು ಒಬ್ಬೊಬ್ಬರಾಗಿ ತಮ್ಮ ಕುರ್ಚಿ ಮಡಚತೊಡಗಿದರು. ಉಳಿಸಲು ಹೋಗಿ ನಾನೇ ಮುರಿದೆನಲ್ಲ ಎಂದುಕೊಂಡೆ. ಆಂಟಿ ಮಾತ್ರ ಊಟಕ್ಕೆಂದು ನಾವು ತಂದಿದ್ದ ಹುಳಿಯನ್ನು ಮತ್ತೆ ಬಿಸಿಗಿಟ್ಟು, ಹಸಿವಾದರೆ ತಾವೇ ಬರುತ್ತಾರೆ ಎಂದರು.

ಬಂದರು. ಒಂದು ಕೈಯಲ್ಲಿ ಇಂಡಿಯನ್ ಅಂಗಡಿಯ ಸ್ವೀಟ್ ಡಬ್ಬ, ಇನ್ನೊಂದರಲ್ಲಿ ಹಬ್ಬದ ಸಾರು ಬಡಿಸುವ ಉದ್ದನೆಯ ಸೌಟು. ಅದು ಸದಾ ಅವರ ಕಾರಿನ ಡಿಕ್ಕಿಯಲ್ಲೇ ಇರುತ್ತಿತ್ತು, ಬೇರೆಯವರು ಮುಟ್ಟುವಂತಿರಲಿಲ್ಲ. ಡಬ್ಬ ತೆರೆದರೆ ಮೈಸೂರು ಪಾಕ್. ಅದನ್ನು ತುಪ್ಪದಲ್ಲಿ ನೆನೆಸಿದ ಇಟ್ಟಂಗಿ ಎಂದು ಜೀವನವಿಡೀ ಹೀಯಾಳಿಸಿದ ಧಾರವಾಡ ಪೇಢೆಯ ಭಕ್ತರು, ಗೆದ್ದವಳು ಮೈಸೂರಿನವಳೆಂದು ಅದನ್ನೇ ಹುಡುಕಿ ತಂದಿದ್ದರು.

"ಅಂವ ಹೇಳದ ಕೇಳದ ಹೋದಾ ಅಂತ ಇಷ್ಟು ವರ್ಷ ಬೈದೀನಿ. ನಾನೂ ಹಂಗ ಹೋದ್ರ ಹೆಂಗ?" ಎಂದು ಸೌಟು ನನ್ನ ಕೈಗಿಟ್ಟರು. "ತಗೋ ತಂಗಿ. ಇವತ್ತಿಂದ ನಾ ವಿರೋಧ ಪಕ್ಷ. ಸಾರಿಗೆ ಉಪ್ಪು ಕಡಿಮಿ ಆದ್ರ ಮೊದಲ ನಾನ ಕೇಳಾಂವ."

ನನಗೆ ಅಳು ಬಂತು, ಅತ್ತುಬಿಟ್ಟೆ. ಮಡಚಿದ ಕುರ್ಚಿಗಳು ಮತ್ತೆ ಬಿಚ್ಚಿಕೊಂಡವು. ಮೊದಲ ಸೌಟು ಹುಳಿಯನ್ನು ಅವರಿಗೇ ಬಡಿಸಿದೆ. ಉಪ್ಪು ಕಡಿಮೆ ಎಂದರು.

ಕೊನೆಯ ಸಲ ಅವರನ್ನು ನೋಡಿದ್ದು ಕ್ಯಾರಲ್ಟನ್ ಮನೆಯಲ್ಲೇ. ಅಂಗಡಿ ಮಾರಿ, ಮಗಳಿರುವ ಸಿಯಾಟಲ್‌ಗೆ ಶಿಫ್ಟ್ ಆಗಲು ಸಾಮಾನು ಕಟ್ಟುತ್ತಿದ್ದರು. ಮುಂದಿನ ಹಬ್ಬಕ್ಕೆ ಯಾರನ್ನೂ ಕೇಳದೆ ನಾನೇ ದೊಡ್ಡ ಹಾಲ್ ಬುಕ್ ಮಾಡಿಬಿಟ್ಟೆ, ಕೇಳುತ್ತ ಕೂತಿದ್ದರೆ ಅದು ಕೈತಪ್ಪುತ್ತಿತ್ತು ಎಂದೆ. ಅಂಕಲ್ ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೇಂದ್ರಕ್ಕೆ ಅಷ್ಟು ಅಧಿಕಾರ ಬೇಡ ಎಂದವರೇ ಗೆದ್ದ ಮೇಲೆ ಯಾರನ್ನೂ ಸರಿಯಾಗಿ ಕೇಳದೆ ಫ್ರಾನ್ಸ್‌ನಿಂದ ಆಗಿನ ಇಡೀ ದೇಶದಷ್ಟೇ ದೊಡ್ಡ ಜಮೀನು ಕೊಂಡರಲ್ಲ, ಥೇಟ್ ಹಾಗೇ ಆಯಿತು ಎಂದರು. ಆಮೇಲೆ ಒಳಗೆ ತಿರುಗಿ, "ಸುಧಾ, ಬಂದ್ಲು ನೋಡು ನಮ್ಮ ಪಾರ್ಟಿಗೆ" ಎಂದು ಕೂಗಿದರು.

ಅವರು ಸಿಯಾಟಲ್‌ಗೆ ಹೋದ ಮೇಲಿನ ಮೊದಲ ಯುಗಾದಿ ಹ್ಯೂಸ್ಟನ್‌ನಲ್ಲಿ ನಡೆಯಿತು. ಅಲ್ಲಿ ನಾನು ಅಧ್ಯಕ್ಷ ಸ್ಥಾನಕ್ಕೆ ಮತ್ತೆ ನಿಂತು ಸೋತೆ. ಗೆದ್ದವರು ಬೆಳಗಾವಿಯವರು. ಅವರ ಊರಿನ ಸಿಹಿ ಕುಂದಾ ಎಲ್ಲಾದರೂ ಸಿಗುತ್ತದೆಯೇ ನೋಡೋಣವೆಂದು ಕಾರಿನ ಕೀ ತೆಗೆದುಕೊಂಡು ಎದ್ದೆ. ಯಾರೂ ಗಾಬರಿಯಾಗಲಿಲ್ಲ, ಯಾರೂ ಕುರ್ಚಿ ಮಡಚಲಿಲ್ಲ. ಬೇಗ ಬನ್ನಿ, ಹೋಳಿಗೆ ಆರಿಹೋಗುತ್ತೆ ಎಂದರು, ಅಷ್ಟೆ.